ಭಾನುವಾರದ ತಲೆನೋವು

ನಿಮ್ಮ ಮನೆಯಲ್ಲಿ ಯಾರಿಗಾದರೂ ಭಾನುವಾರ ಸಂಜೆ ಮಾತ್ರ ತಲೆನೋವು ಬರುತ್ತದೆಯೇ? ನಗಬೇಡಿ, ಸೋಮವಾರದ ಕಚೇರಿಯನ್ನು ನೆನೆದು ಬರುವ ತಲೆನೋವಿನ ಮಾತಲ್ಲ ಇದು.

ಬಿಟಿಎಂ ಲೇಔಟ್ ಎರಡನೇ ಹಂತದಿಂದ ಒಬ್ಬರು ನನ್ನ ಬಳಿ ಬಂದಿದ್ದರು. ವಯಸ್ಸು ನಲವತ್ತನಾಲ್ಕು. ರಕ್ತದೊತ್ತಡ ಸರಿಯಾಗಿತ್ತು, ಕನ್ನಡಕ ಹೊಸದು, ಸಕ್ಕರೆ ಇಲ್ಲ. ಶನಿವಾರ ರಾತ್ರಿ ಮತ್ತು ಭಾನುವಾರ ಸಂಜೆ ಹಣೆ ಹಿಂಡುವ ನೋವು, ಸ್ವಲ್ಪ ವಾಕರಿಕೆ, ಒಮ್ಮೊಮ್ಮೆ ಎದ್ದು ನಿಂತರೆ ತೂರಾಡಿದಂತೆ. ನಿದ್ದೆ ಸಾಲದು, ಕಂಪ್ಯೂಟರ್ ನೋಡುವುದು ಹೆಚ್ಚಾಯಿತು ಎಂದು ಹೇಳಿ ಕಳಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂದರು. ಈ ಸಲ ಜೊತೆಗೆ ಹೆಂಡತಿ, ಏಳು ವರ್ಷದ ಮಗಳು. ಮಗುವಿಗೆ ಮೊದಲಿನಿಂದ ಸ್ವಲ್ಪ ಉಬ್ಬಸ. ಅದೂ ಈಚೆಗೆ ಭಾನುವಾರ ರಾತ್ರಿಯೇ ಕೆರಳುತ್ತಿತ್ತು. ಹಬ್ಬಕ್ಕೆಂದು ಮಂಡ್ಯದ ಕಡೆಯ ಊರಿಗೆ ಹೋದಾಗ ಮಾತ್ರ ಅಪ್ಪ ಮಗಳು ಇಬ್ಬರಿಗೂ ಏನೂ ಆಗಲಿಲ್ಲವಂತೆ. ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಕೊನೆಗೆ ಆ ಹೆಂಗಸೇ ಉತ್ತರ ಕೊಟ್ಟರು: "ಮನೆಗೆ ಆ ಟ್ಯಾಂಕು ಬಂದ ಮೇಲೆ ಶುರುವಾಗಿದ್ದು ಡಾಕ್ಟ್ರೇ."

ಟ್ಯಾಂಕು ಎಂದರೆ ನೀರಿನ ಟ್ಯಾಂಕಲ್ಲ, ಯುದ್ಧದ ಟ್ಯಾಂಕು. ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸಿ, ಬಣ್ಣ ಹಚ್ಚಿ, ನಿಜವಾದ ವಾಹನದ ಪಡಿಯಚ್ಚಿನಂತೆ ಕಟ್ಟುವ ಮಾದರಿ. ಅವರು ಕಟ್ಟುತ್ತಿದ್ದದ್ದು ನಮ್ಮ ಸೇನೆ 2001ರಲ್ಲಿ ರಷ್ಯಾದೊಂದಿಗೆ ಒಪ್ಪಂದ ಮಾಡಿಕೊಂಡು ತರಿಸಿದ, 'ಭೀಷ್ಮ' ಎಂದು ಕರೆಯುವ ಟಿ-90. ಮಾದರಿ ನಿಜದ ಮೂವತ್ತೈದನೇ ಒಂದು ಪಾಲು. ಫಿರಂಗಿಯ ಮೂತಿಯಿಂದ ಹಿಂಬದಿಯವರೆಗೆ ಸುಮಾರು ಒಂಬತ್ತೂವರೆ ಮೀಟರ್ ಇರುವ ವಾಹನ ಈ ಅಳತೆಯಲ್ಲಿ 27 ಸೆಂಟಿಮೀಟರ್ ಆಗುತ್ತದೆ. ಪಕ್ಕದಲ್ಲಿ ನಿಲ್ಲುವ ಸೈನಿಕ ಐದು ಸೆಂಟಿಮೀಟರ್.

ಬೆಂಗಳೂರಿಗೆ ಇಂಥ ಹವ್ಯಾಸ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಎಚ್‌ಎಎಲ್, ಮದ್ರಾಸ್ ಎಂಜಿನಿಯರ್ ಗ್ರೂಪ್, 1986ರಲ್ಲಿ ಟಾಟ್ರಾ ಟ್ರಕ್ಕಿನ ಒಪ್ಪಂದ ಮಾಡಿಕೊಂಡ ಬಿಇಎಂಎಲ್ ಎಲ್ಲ ಇರುವ ಊರಿದು. ಕ್ಷಿಪಣಿ ಹೊತ್ತ ಎಂಟು ಚಕ್ರದ ಟಾಟ್ರಾವನ್ನು ಜನವರಿ 26ರ ಮೆರವಣಿಗೆಯಲ್ಲಿ ಕಂಡ ಹುಡುಗ ಮುಂದೆ ಅದನ್ನು ಮೇಜಿನ ಮೇಲೆ ಕಟ್ಟಬೇಕೆಂದರೆ ತಪ್ಪೇನು? ಮೊಬೈಲನ್ನು ಬದಿಗಿಟ್ಟು ಎರಡು ತಾಸು ಕೈಗೂ ಕಣ್ಣಿಗೂ ಕೆಲಸ ಕೊಡುವ ಹವ್ಯಾಸವನ್ನು ಬಿಡಿ ಎಂದು ಯಾವ ವೈದ್ಯನೂ ಹೇಳಲಾರ. ನಾನೂ ಹೇಳಲಿಲ್ಲ. ಅವರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿನಲ್ಲಿ ಕೂರುತ್ತಾರೆ ಎಂದು ಕೇಳಿದೆ.

ಸೊಳ್ಳೆಗೆ ಮುಚ್ಚಿದ ಕಿಟಕಿ

ಎರಡು ಕೋಣೆಯ ಮನೆ. ಮಲಗುವ ಕೋಣೆಯ ಮೂಲೆಯಲ್ಲಿ ಮೇಜು. ಬಿಟಿಎಂನಲ್ಲಿ, ಅದರಲ್ಲೂ ಮಡಿವಾಳ ಕೆರೆಯ ಆಸುಪಾಸಿನಲ್ಲಿ ಇರುವವರಿಗೆ ಗೊತ್ತು, ಸಂಜೆ ಆರಾಯಿತೆಂದರೆ ಸೊಳ್ಳೆಗೆ ಹೆದರಿ ಕಿಟಕಿಗಳೆಲ್ಲ ಮುಚ್ಚುತ್ತವೆ. ಇವರು ಕೆಲಸಕ್ಕೆ ಕೂರುವುದೂ ಆಗಲೇ. ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ, ಆದರೆ ಫ್ಯಾನು ಇದ್ದ ಗಾಳಿಯನ್ನೇ ಕಲಕುತ್ತದೆ. ಮನೆಗಳಲ್ಲಿರುವ ಸ್ಪ್ಲಿಟ್ ಏಸಿಯೂ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ಹತ್ತು ಗಂಟೆಗೆ ಮೇಜಿನ ದೀಪ ಆರಿಸಿ, ಅದೇ ಕೋಣೆಯಲ್ಲಿ ಮೂವರೂ ಮಲಗುತ್ತಿದ್ದರು.

ಈ ಮೇಜಿನ ಮೇಲೆ ಏನೇನಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಾದರಿಯ ಪ್ಲಾಸ್ಟಿಕ್ಕು ಪಾಲಿಸ್ಟೈರೀನ್. ಅದನ್ನು ಕೂಡಿಸುವ ದ್ರವ ನಾವು ತಿಳಿದಂಥ ಗೋಂದಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ; ಎರಡು ಅಂಚುಗಳೂ ಕರಗಿ ಒಂದರೊಳಗೊಂದು ಬೆರೆತ ಮೇಲೆ ದ್ರವ ಆವಿಯಾಗಿ ಹೋಗುತ್ತದೆ, ಬೆಸುಗೆ ಉಳಿಯುತ್ತದೆ. ಬ್ಯುಟೈಲ್ ಅಸಿಟೇಟ್, ಅಸಿಟೋನ್, ಬ್ಯುಟನೋನ್ ಇಂಥವು ಅದರಲ್ಲಿರುತ್ತವೆ. ಆವಿಯಾಗಿ ಹೋಗುವುದೇ ಅದರ ಗುಣ. ಹೋಗುವುದು ಎಲ್ಲಿಗೆ? ಮುಚ್ಚಿದ ಕೋಣೆಯಲ್ಲಾದರೆ ನಿಮ್ಮ ಮೂಗಿಗೆ. ಮೊದಲು ಕಣ್ಣು ಗಂಟಲು ಉರಿಯುತ್ತದೆ, ಆಮೇಲೆ ತಲೆನೋವು, ಮಂಪರು, ವಾಕರಿಕೆ. ಉಬ್ಬಸ ಇರುವವರ ಶ್ವಾಸನಾಳ ಇದಕ್ಕಿಂತ ಕಡಿಮೆ ಆವಿಗೂ ಮುನಿಸಿಕೊಳ್ಳಬಲ್ಲದು.

ಅಂಟಿಗಿಂತ ಥಿನ್ನರು ಕೆಟ್ಟದ್ದು. ಹವ್ಯಾಸದ ಅಂಗಡಿಯ ಪುಟ್ಟ ಬಾಟಲಿ ದುಬಾರಿ ಎಂದು ಹಾರ್ಡ್‌ವೇರ್ ಅಂಗಡಿಯಿಂದ ಲೀಟರುಗಟ್ಟಲೆ ಎನ್‌ಸಿ ಥಿನ್ನರ್ ತರುವವರಿದ್ದಾರೆ. ಮರಗೆಲಸದವರು ಪಾಲಿಶ್ ಮಾಡುವಾಗ ಬಳಸುವ ಥಿನ್ನರ್ ಅದು. ಅದರಲ್ಲಿ ಹಲವು ಬಾರಿ ಟಾಲುಯೀನ್ ಇರುತ್ತದೆ. ಟಾಲುಯೀನ್ ನೇರವಾಗಿ ಮಿದುಳಿನ ಮೇಲೆ ಕೆಲಸ ಮಾಡುವ ವಸ್ತು. ನಶೆಗಾಗಿ ಅದನ್ನು ವರ್ಷಗಟ್ಟಲೆ ಮೂಸಿದವರ ಮಿದುಳಿಗೆ ಶಾಶ್ವತ ಪೆಟ್ಟು ಬಿದ್ದಿದೆ. ವಾರಕ್ಕೊಮ್ಮೆ ಮಾದರಿ ಕಟ್ಟುವವರಿಗೆ ಹಾಗಾಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ಮನೆಯಲ್ಲಿ ಗರ್ಭಿಣಿ ಇದ್ದರೆ ಈ ಡಬ್ಬಿ ಒಳಗೆ ಬರಲೇಕೂಡದು.

"ನನಗೆ ವಾಸನೆಯೇ ಬರುತ್ತಿರಲಿಲ್ಲ" ಎಂದರು ಅವರು. ನಂಬುತ್ತೇನೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಸೋಲುತ್ತದೆ; ಆವಿ ಕಡಿಮೆಯಾಗಿರುವುದಿಲ್ಲ, ಗೊತ್ತಾಗುವುದು ನಿಂತಿರುತ್ತದೆ ಅಷ್ಟೆ. ಹೊರಗಿನಿಂದ ಬಂದವರಿಗೆ ನಿಮ್ಮ ಕೋಣೆ ಹೇಗೆ ನಾರುತ್ತದೆ ಎಂದು ಕೇಳಿ. ಅವರ ಹೆಂಡತಿ ಅದನ್ನು ಎರಡು ತಿಂಗಳಿಂದ ಹೇಳುತ್ತಲೇ ಇದ್ದರಂತೆ.

ಕೋವಿಡ್ ಕಾಲದಿಂದ ಎಲ್ಲರ ಮನೆಯಲ್ಲೂ ಎನ್-95 ಮುಸುಕು ಇದೆ. ಅದನ್ನು ಹಾಕಿಕೊಂಡರೆ ಸಾಕಲ್ಲ ಎನ್ನಬೇಡಿ. ಅದು ತಡೆಯುವುದು ಕಣಗಳನ್ನು, ಅಂದರೆ ಮರಳುಕಾಗದ ಉಜ್ಜಿದಾಗ ಏಳುವ ಧೂಳು, ಗಾಳಿ ಕುಂಚದಿಂದ ಹಾರುವ ಬಣ್ಣದ ತುಂತುರು ಇವನ್ನು. ಥಿನ್ನರಿನ ಆವಿ ಅದರೊಳಗಿಂದ ಸಲೀಸಾಗಿ ಹಾದುಹೋಗುತ್ತದೆ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಬೇರೆಯೇ ಮುಸುಕು ಬೇಕು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಕ್ಕೆ ಘಾಟು ಕಡಿಮೆ ನಿಜ, ಆದರೆ ಅದನ್ನು ಸಿಂಪಡಿಸುವಾಗ ತುಂತುರು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಎನ್-95 ಉಪಯೋಗಕ್ಕೆ ಬರುತ್ತದೆ. ಕಾರಿಗೆ ಹೊಡೆಯುವ ಎರಡು ಡಬ್ಬಿಯ ಬಣ್ಣವನ್ನಂತೂ ಮನೆಯಲ್ಲಿ ಬಳಸಲೇಬೇಡಿ. ಅದರ ಗಟ್ಟಿಗೊಳಿಸುವ ದ್ರವದಲ್ಲಿರುವ ಐಸೊಸಯನೇಟ್ ಉಬ್ಬಸ ಇಲ್ಲದವರಿಗೂ ಉಬ್ಬಸ ತಂದಿಡಬಲ್ಲದು.

ದೇವರ ದೀಪವೂ ಥಿನ್ನರೂ

ಇನ್ನೊಂದು ಮಾತನ್ನು ಅವರು ಯೋಚಿಸಿಯೇ ಇರಲಿಲ್ಲ. ಟಾಲುಯೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಅದು ಮೇಲಕ್ಕೇರುವುದಿಲ್ಲ, ನೆಲಕ್ಕಿಳಿದು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಹರಿಯುತ್ತದೆ. ಬೆಂಕಿ ಹಿಡಿಯುವಷ್ಟು ಆವಿ ಏಳಲು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕು. ಬೆಂಗಳೂರಿನ ಯಾವ ಚಳಿಗಾಲವೂ ಮನೆಯೊಳಗೆ ಅಷ್ಟು ತಣ್ಣಗಾಗುವುದಿಲ್ಲ. ಸಂಜೆ ದೇವರ ಮುಂದೆ ದೀಪ, ಸೊಳ್ಳೆ ಬತ್ತಿಗೆ ಗೀರುವ ಬೆಂಕಿಕಡ್ಡಿ, ಅಡುಗೆಮನೆಯಲ್ಲಿ ಗ್ಯಾಸು. ಇವೆಲ್ಲ ಇರುವ ಹೊತ್ತಿನಲ್ಲಿ ಥಿನ್ನರಿನ ಬಾಟಲಿ ತೆರೆದಿರಬಾರದು. ಥಿನ್ನರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮಂಚದ ಕೆಳಗೆ ತಳ್ಳುವ ಅಭ್ಯಾಸವೂ ಬೇಡ.

ತಾಯಂದಿರು ಇದನ್ನು ದಯವಿಟ್ಟು ಎರಡು ಸಲ ಓದಿ. ಥಿನ್ನರನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಹಿಂದೆ ಸೀಮೆಎಣ್ಣೆ ಕುಡಿದು ಬರುತ್ತಿದ್ದ ಮಕ್ಕಳ ಕಥೆ ಇದೇ ಆಗಿತ್ತು. ಮಗು ಅಕಸ್ಮಾತ್ ಕುಡಿದರೆ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಹೊಟ್ಟೆಯಲ್ಲಿ ಮಾಡುವ ಹಾನಿಗಿಂತ ವಾಂತಿಯ ಜೊತೆ ಶ್ವಾಸಕೋಶಕ್ಕೆ ನುಗ್ಗಿ ಮಾಡುವ ಹಾನಿ ದೊಡ್ಡದು. ಬಾಟಲಿಯನ್ನೂ ಜೊತೆಗೆ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ. ಮಗು ಕೆಮ್ಮದೆ ಆಡಿಕೊಂಡಿದ್ದರೂ ಸರಿ, ಕೆಲವು ತಾಸು ವೈದ್ಯರ ಕಣ್ಣಳತೆಯಲ್ಲಿರಬೇಕು.

ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬಗ್ಗೆಯೂ ಹೇಳಬೇಕು. ಟ್ಯಾಂಕಿನ ಹಿತ್ತಾಳೆಯ ಜಾಲರಿಯಂಥ ಲೋಹದ ತುಣುಕು ಕೂರಿಸಲು ಅದು ಬೇಕೇ ಬೇಕು. ಅದರ ಬಾಟಲಿ ಕಣ್ಣಿಗೆ ಬಿಡುವ ಔಷಧಿಯ ಬಾಟಲಿಯಂತೆಯೇ ಕಾಣುತ್ತದೆ. ರಾತ್ರಿ ಕನ್ನಡಕ ತೆಗೆದ ಅಜ್ಜಿಗೆ ಎರಡೂ ಒಂದೇ. ಎರಡನ್ನೂ ಒಂದು ಮೇಜಿನಲ್ಲಿಡಬೇಡಿ. ಕಣ್ಣಿಗೆ ಬಿದ್ದು ರೆಪ್ಪೆ ಅಂಟಿಕೊಂಡರೆ ಎಳೆದು ಬಿಡಿಸಲು ಹೋಗಬೇಡಿ, ಅಸಿಟೋನ್ ಹಚ್ಚಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ. ಬೆರಳು ಅಂಟಿದರೆ ಬಿಸಿ ಸೋಪುನೀರಿನಲ್ಲಿ ನೆನೆಸಿ, ಎಳೆಯದೆ ಮೆಲ್ಲಗೆ ಹೊರಳಿಸಿ ಬಿಡಿಸಿ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ: ಈ ಅಂಟು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಥಟ್ಟನೆ ಕಾದು ಚರ್ಮ ಸುಡುತ್ತದೆ. ಹತ್ತಿ ಲುಂಗಿ ಉಟ್ಟು, ತೊಡೆಯ ಮೇಲೆ ಮಾದರಿ ಇಟ್ಟುಕೊಂಡು ಅಂಟಿಸುವವರು ಎಚ್ಚರವಾಗಿರಬೇಕು.

ಸೀಸದ ತಂತಿ

ನಮ್ಮ ಟಿ-90ರವರು ಬಹಳ ಅಚ್ಚುಕಟ್ಟಿನ ಮನುಷ್ಯ. ದೀಪಕ್ಕೆ ಹೋಗುವ ವೈರು, ಗೋಪುರದ ಮೇಲಿನ ಕೇಬಲ್ಲು ಎಲ್ಲವನ್ನೂ ಎಳೆದಿದ್ದರು. ಯಾವುದರಿಂದ ಮಾಡಿದಿರಿ ಎಂದೆ. ಕೂದಲೆಳೆಯಂಥ ಸೀಸದ ತಂತಿಯಿಂದ. ಹೇಗೆ ಬಗ್ಗಿಸಿದರೂ ಹಾಗೇ ನಿಲ್ಲುತ್ತದೆಂದು ಮಾದರಿಗಾರರಿಗೆ ಅದು ಅಚ್ಚುಮೆಚ್ಚು. ಆದರೆ ಸೀಸ ಬೆರಳಿಗೆ ಹತ್ತುತ್ತದೆ, ಬೆರಳಿನಿಂದ ತಿಂಡಿಗೆ, ತಿಂಡಿಯಿಂದ ಹೊಟ್ಟೆಗೆ. ದೊಡ್ಡವರಿಗಿಂತ ಮಕ್ಕಳ ಕರುಳು ಅದನ್ನು ಹೆಚ್ಚು ಹೀರುತ್ತದೆ. ಮಗುವಿನ ಬೆಳೆಯುವ ಮಿದುಳಿಗೆ ಇಷ್ಟು ಸೀಸ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ.

ಈ ವಿಷಯ ಬೆಂಗಳೂರಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಶನ್ ದೇಶದ ಹಲವು ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧದಷ್ಟು ಮಕ್ಕಳಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು. ಬಿಟಿಎಂಗೆ ಕೂಗಳತೆಯಲ್ಲಿರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಪ್ರೊ. ತುಪ್ಪಿಲ್ ವೆಂಕಟೇಶ್ ಇದರ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು, 2017ರ ನವೆಂಬರಿನಿಂದ ಮನೆಬಣ್ಣಕ್ಕೂ 90 ಪಿಪಿಎಂ ಮಿತಿ ಬಂತು. ರಸ್ತೆಯಿಂದಲೂ ಗೋಡೆಯಿಂದಲೂ ಇಷ್ಟು ಕಷ್ಟಪಟ್ಟು ಹೊರಹಾಕಿದ್ದನ್ನು ಕೇಬಲ್ಲಿನ ಚೆಂದಕ್ಕಾಗಿ ಮಗು ಮಲಗುವ ಕೋಣೆಗೆ ತರುವುದು ನನಗಂತೂ ಒಪ್ಪಿಗೆಯಿಲ್ಲ. ಹಳೆಯ ವೈರಿನೊಳಗಿನ ಸಣ್ಣ ತಾಮ್ರದ ಎಳೆ ಸಾಕು. ಸ್ವಲ್ಪ ಮೊಂಡು, ಅಷ್ಟೆ.

ಟ್ಯಾಂಕಿಗೆ ಕೆಸರು ಧೂಳು ಮೆತ್ತುವ ಕೆಲಸವೂ ಉಂಟು. ಬಿಟಿಎಂನಲ್ಲಿ ಧೂಳಿಗೆ ಬರವೇ! ಪಕ್ಕದಲ್ಲಿ ಕಟ್ಟುತ್ತಿರುವ ಮನೆಯಿಂದ ಮಣ್ಣು ತಂದು ಜರಡಿ ಹಿಡಿದಿದ್ದರು. ಕಟ್ಟಡದ ಮರಳಿನ ನುಣ್ಣನೆಯ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಒಣಪುಡಿ ಊದಬಾರದು, ನೀರಿನಲ್ಲಿ ಕಲಸಿ ಹಚ್ಚಬೇಕು. ಪ್ಲಾಸ್ಟಿಕ್, ರೆಸಿನ್ ಏನನ್ನೇ ಉಜ್ಜುವುದಿದ್ದರೂ ಮರಳುಕಾಗದವನ್ನು ಒದ್ದೆ ಮಾಡಿಕೊಂಡೇ ಉಜ್ಜಿ.

ಕಣ್ಣಿನ ಮಾತು ಚಿಕ್ಕದು. 20 ಸೆಂಟಿಮೀಟರ್ ಹತ್ತಿರದಿಂದ ನೋಡಲು ಕಣ್ಣು 5 ಡಯಾಪ್ಟರ್‌ನಷ್ಟು ಶ್ರಮಪಡಬೇಕು, 40 ಸೆಂಟಿಮೀಟರ್‌ನಿಂದಾದರೆ ಅದರ ಅರ್ಧ. ನಲವತ್ತು ದಾಟಿದವರ ಕಣ್ಣಿಗೆ ಮೊದಲನೆಯದು ಆಗದ ಮಾತು. ಹಾಗಾಗಿ ಬಗ್ಗಿ ಬಗ್ಗಿ ಕತ್ತು ನೋಯಿಸಿಕೊಳ್ಳುವ ಬದಲು ಕಾಲಿರುವ ಭೂತಗನ್ನಡಿ, ಬಿಳಿ ದೀಪ ಇಟ್ಟುಕೊಳ್ಳಿ. ಹಿತ್ತಾಳೆ ತುಣುಕು ಕತ್ತರಿಸುವಾಗ ಸಿಡಿಯುತ್ತದೆ. ಮೇಲೆ ಟೇಪು ಅಂಟಿಸಿ ಕತ್ತರಿಸಿ, ಕನ್ನಡಕ ಇರಲಿ. ಮೇಜಿನಿಂದ ಉರುಳಿ ಬೀಳುವ ಚಾಕುವನ್ನು ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ.

ಆ ಮನೆಯವರು ಮಾಡಿದ್ದು ಇಷ್ಟು. ಮೇಜನ್ನು ಮಲಗುವ ಕೋಣೆಯಿಂದ ಬಾಲ್ಕನಿಗೆ ಸಾಗಿಸಿದರು. ಕಿಟಕಿಗಳಿಗೆ ಸೊಳ್ಳೆ ಪರದೆ ಹಾಕಿಸಿದರು. ಅಂಟು ಬಣ್ಣದ ಕೆಲಸ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಆಗ ಮಗಳು ಒಳಗೆ, ನಡುವಿನ ಬಾಗಿಲು ಮುಚ್ಚಿ. ಥಿನ್ನರಿನ ಡಬ್ಬಿ ಬೀಗದ ಪೆಟ್ಟಿಗೆಯೊಳಗೆ. ಮೂರು ವಾರದ ಮೇಲೆ ಬಂದಾಗ ತಲೆನೋವಿರಲಿಲ್ಲ, ಮಗುವಿನ ಇನ್‌ಹೇಲರ್ ಮಾತ್ರ ಮುಂದುವರಿಸಲು ಹೇಳಿದೆ. ಉಬ್ಬಸಕ್ಕೆ ಬೇರೆ ಕಾರಣಗಳೂ ಇರುತ್ತವೆ, ಹೊಗೆ ನಿಂತಿತೆಂದು ಔಷಧಿ ನಿಲ್ಲಿಸುವಂತಿಲ್ಲ. ಹೊರಡುವಾಗ ಮಗಳು ಚೀಲದಿಂದ ಒಂದು ಡಬ್ಬಿ ತೆಗೆದು ತೋರಿಸಿದಳು. ಟಿ-90ಕ್ಕೆ ಒಂದೊಂದು ಬದಿಗೆ ಆರು ಜೋಡಿ ಚಕ್ರ. ಅವನ್ನೆಲ್ಲ ನೀರಿನ ಬಣ್ಣದಲ್ಲಿ ಅವಳೇ ಬಳಿದಿದ್ದಳು. ಎರಡು ಚಕ್ರ ಗುಲಾಬಿ.