ಮಂಗಳೂರು–ಮೈಸೂರು: ದೂರ ಎಷ್ಟು, ಹೊತ್ತು ಎಷ್ಟು?

ಹುಣಸೂರು, ಪಿರಿಯಾಪಟ್ಟಣದ ಕಡೆಗೆ ಮಗಳನ್ನು ಕೊಟ್ಟ ಮನೆಗಳು ನಮ್ಮ ಕರಾವಳಿಯಲ್ಲಿವೆ. ಊರಲ್ಲಿ ಸಾವು ಸಂಭವಿಸಿದಾಗ ಅವರು ಬಂದು ಮುಟ್ಟಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅಂತ್ಯಕ್ರಿಯೆಯ ಗಂಟೆ ನಿಶ್ಚಯಿಸುವುದೂ ಅದನ್ನು ನೋಡಿಕೊಂಡೇ. ದುಬೈಯ ಮಗನಿಗಿಂತ ಹುಣಸೂರಿನ ಮಗಳು ತಡವಾಗಿ ತಲುಪಿದರೆ ಹಿರಿಯರು ಹುಬ್ಬೇರಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ನಕ್ಷೆಯ ಮೇಲೆ ನೂಲು ಹಿಡಿದು ಅಳೆದರೆ ಮಂಗಳೂರಿನಿಂದ ಮೈಸೂರಿಗೆ ಸುಮಾರು 205 ಕಿ.ಮೀ. ರಸ್ತೆಯಲ್ಲಿ ಅದು ಸುಮಾರು 255 ಆಗುತ್ತದೆ. ಹೆಚ್ಚಾದ 50 ಕಿ.ಮೀ. ದೊಡ್ಡದಲ್ಲ, ಹೊತ್ತು ತಿನ್ನುವುದು ಘಾಟಿ. ರಾಷ್ಟ್ರೀಯ ಹೆದ್ದಾರಿ 275 ಬಂಟ್ವಾಳದಿಂದ ಪುತ್ತೂರು, ಸುಳ್ಯ ದಾಟಿ ಸಂಪಾಜೆಯಲ್ಲಿ ಬೆಟ್ಟ ಹತ್ತತೊಡಗುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಇಳಿದು ಕುಶಾಲನಗರ ದಾಟಿದ ಮೇಲೆ ಪಿರಿಯಾಪಟ್ಟಣ, ಹುಣಸೂರಿನ ದಾರಿಯಲ್ಲಿ ಓಟ ಸಲೀಸು. ಬಸ್ಸಿಗೆ ಒಟ್ಟು ಆರು ಗಂಟೆ ಹಿಡಿಯಬಹುದು. ಮಳೆಗಾಲದ ಮಾತು ಬೇರೆ: 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದಾಗ ಈ ದಾರಿಯೇ ವಾರಗಟ್ಟಲೆ ಮುಚ್ಚಿತ್ತು.

ಹಾಗಾದರೆ ವಿಮಾನ? 2020ರ ಡಿಸೆಂಬರ್‌ನಲ್ಲಿ ಉಡಾನ್ ಯೋಜನೆಯಡಿ ಅಲಯನ್ಸ್ ಏರ್ ಸಂಸ್ಥೆ ಮೈಸೂರು–ಮಂಗಳೂರು ನಡುವೆ ಪುಟ್ಟ ಎಟಿಆರ್ ವಿಮಾನ ಓಡಿಸಿತ್ತು. ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಗಂಟೆಗೆ 500 ಕಿ.ಮೀ. ಹಾರಬಲ್ಲ ವಿಮಾನಕ್ಕೆ 205 ಕಿ.ಮೀ.ಗೆ 25 ನಿಮಿಷ ಸಾಲದೇ ಎನ್ನಬಹುದು. ಆದರೆ ನಿಂತಲ್ಲಿಂದ ಹೊರಟು ರನ್‌ವೇ ಸೇರುವುದು, ಮೇಲೇರುವುದು, ಸುತ್ತಿ ಬಂದು ಇಳಿಯುವುದು, ಮತ್ತೆ ನಿಲ್ಲುವ ಜಾಗಕ್ಕೆ ಬರುವುದು ಎಲ್ಲವೂ ಆ ಒಂದು ಗಂಟೆಯಲ್ಲಿ ಸೇರಿವೆ. ದಾರಿ ಚಿಕ್ಕದಾದಷ್ಟೂ ಈ ಹೊತ್ತಿನ ಪಾಲು ಹೆಚ್ಚು.

ಇನ್ನು ಹುಣಸೂರಿನವರ ಲೆಕ್ಕ. ಮಂಗಳೂರಿಗೆ ಬರಬೇಕಾದವರು ಹಿಂದಕ್ಕೆ 45 ಕಿ.ಮೀ. ಮೈಸೂರಿಗೆ, ಅಲ್ಲಿಂದ ಮತ್ತೆ ಹತ್ತು ಕಿ.ಮೀ. ಮಂಡಕಳ್ಳಿಗೆ ಹೋಗಬೇಕು. ಅದಕ್ಕೆ ಒಂದೂವರೆ ಗಂಟೆ, ನಿಲ್ದಾಣದಲ್ಲಿ ಒಂದು ಗಂಟೆಗೂ ಹೆಚ್ಚು, ಹಾರಾಟ ಒಂದು ಗಂಟೆ, ಇಳಿದು ಬಜ್ಪೆಯಿಂದ ಪೇಟೆಗೆ ಇನ್ನೊಂದು ಗಂಟೆ. ಹೆಚ್ಚುಕಡಿಮೆ ಐದು ಗಂಟೆ! ಹುಣಸೂರಿನಲ್ಲೇ ಬಸ್ ಹತ್ತಿದರೂ ಅಷ್ಟೇ ಹೊತ್ತು. ಪಿರಿಯಾಪಟ್ಟಣದವರಿಗಂತೂ ಬಸ್ಸೇ ಬೇಗ. ಲಾಭ ಇದ್ದುದು ಹೆದ್ದಾರಿಯಿಂದ ಬದಿಗಿರುವ ಎಚ್.ಡಿ. ಕೋಟೆಯವರಿಗೆ ಮಾತ್ರ. ಆ ವಿಮಾನ ಸೇವೆಯೂ ಬಹುಕಾಲ ಉಳಿಯಲಿಲ್ಲ. ಬೆಂಗಳೂರಿನಿಂದ ಹಾರೋಣವೆಂದರೆ, ಹುಣಸೂರಿಗೆ ಮಂಗಳೂರಿಗಿಂತ ದೇವನಹಳ್ಳಿಯ ನಿಲ್ದಾಣವೇ ದೂರ.

ದುಬೈ ನಮ್ಮಿಂದ ಸುಮಾರು 2,450 ಕಿ.ಮೀ. ದೂರ, ಹಾರಾಟ ಮೂರೂವರೆ ಗಂಟೆಯಷ್ಟು. ಟಿಕೆಟಿನಲ್ಲಿ ಮಾತ್ರ ರಾತ್ರಿ 10ಕ್ಕೆ ಹೊರಟು 3ಕ್ಕೆ ತಲುಪುವಂತೆ ಕಾಣುತ್ತದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಟಿಕೆಟಿನಲ್ಲಿ ಆಯಾ ಊರಿನ ಸಮಯವನ್ನೇ ಬರೆಯುತ್ತಾರೆ. ಪೂಜೆಯ ಗಂಟೆ ಗೊತ್ತುಮಾಡುವಾಗ ಮಂಗಳೂರಿಗೆ ತಲುಪುವ ಸಮಯವನ್ನೇ ಹಿಡಿಯಿರಿ, ಅದಕ್ಕೆ ಮತ್ತೆ ಒಂದೂವರೆ ಗಂಟೆ ಸೇರಿಸಬೇಡಿ.

ಕೆ.ಆರ್. ನಗರದವರಿಗೆ ಇನ್ನೊಂದು ದಾರಿಯಿದೆ. ಮೈಸೂರು–ಹಾಸನ–ಮಂಗಳೂರು ರೈಲುಹಳಿ ಅವರ ಊರಿನ ಮೂಲಕವೇ ಹಾದುಹೋಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಘಾಟಿಯಲ್ಲಿ ರೈಲು ನಿಧಾನ, ಹಾಗಾಗಿ ತುರ್ತಿಗೆ ಅಷ್ಟಾಗಿ ಒದಗದು. ವಯಸ್ಸಾದವರನ್ನು ಕರೆತರುವುದಾದರೆ ಬಸ್ಸಿಗಿಂತ ಅದೇ ವಾಸಿ.