ಪಗಾರ ಎಷ್ಟು ಅಂತಷ್ಟೇ ಅಲ್ಲ, ಹೆಂಗ ಎಣಸ್ತೀರಿ ಅಂತಲೂ ಕೇಳಿ

ಕಿತ್ತೂರಿನ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ರಾತ್ರಿ ಹನ್ನೊಂದರ ಮೇಲೆ ಹತ್ತು ನಿಮಿಷ ನಿಂತು ನೋಡಿ. ಪುಣೆ, ಮುಂಬೈ ಕಡೆ ಹೋಗೋ ಲಾರಿಗಳು ಒಂದು ಬದಿ, ಹುಬ್ಬಳ್ಳಿ, ಬೆಂಗಳೂರು ಕಡೆ ಬರೋ ಲಾರಿಗಳು ಇನ್ನೊಂದು ಬದಿ. ಸಾಲು ಮುರಿಯೋದೇ ಇಲ್ಲ. ಪ್ರತಿ ಲಾರಿಯಲ್ಲೂ ಒಬ್ಬ ಡ್ರೈವರ್ ಇದ್ದಾನೆ. ಇವತ್ತು ನಾನು ಮಾತಾಡ್ತಿರೋದು ಆ ಸೀಟಿಗೆ ಹೊಸದಾಗಿ ಹತ್ತೋಕೆ ಹೊರಟಿರುವ ಹುಡುಗನ ಬಗ್ಗೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಹುಡುಗರು ಸ್ಟೇರಿಂಗ್ ಹಿಡಿಯೋದು ಕಲಿಯೋದು ಹೆಚ್ಚಾಗಿ ಟ್ರ್ಯಾಕ್ಟರ್ ಮೇಲೆ. ಕಬ್ಬಿನ ಹಂಗಾಮು ಶುರುವಾದರೆ ಮುನವಳ್ಳಿ, ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗಳ ಕಡೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗೋದು ಇವರೇ. ಹಂಗಾಮು ಮುಗೀತು, ಮುಂದೇನು? ಕೆಲವರು ಪಿಕಪ್ ಗಾಡಿ ಹಿಡೀತಾರೆ. ಧೈರ್ಯ ಇದ್ದವರು 'ಲೈನ್ ಮ್ಯಾಲೆ ಹೋಗ್ತೀನಿ' ಅಂತಾರೆ. ಮನೆಯಲ್ಲಿ ಆಗ ಕೇಳೋದು ಒಂದೇ ಪ್ರಶ್ನೆ: 'ಪಗಾರ ಎಷ್ಟು ಕೊಡ್ತಾರಂತ?'

ಪ್ರಶ್ನೆ ಸರಿ. ಆದರೆ ಅರ್ಧ ಪ್ರಶ್ನೆ. ಪಗಾರ ಎಷ್ಟು ಅನ್ನೋದಕ್ಕಿಂತ ಅದನ್ನು ಹೇಗೆ ಎಣಿಸ್ತಾರೆ ಅನ್ನೋದು ದೊಡ್ಡದು. ಯಾಕಂದ್ರೆ ಆ ಎಣಿಕೆಯೇ ಗಾಡಿ ಎಷ್ಟು ಜೋರಾಗಿ ಓಡಬೇಕು, ಡ್ರೈವರ್ ಎಷ್ಟು ತಾಸು ನಿದ್ದೆ ಮಾಡಬೇಕು ಅಂತ ತೀರ್ಮಾನ ಮಾಡುತ್ತೆ.

ಮೊದಲು ತರಬೇತಿ ನೋಡೋಣ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರಾನ್ಸ್‌ಪೋರ್ಟ್ ವಾಹನ ಓಡಿಸೋಕೆ 20 ವರ್ಷ ತುಂಬಿರಬೇಕು. ಕಲಿಕಾ ಲೈಸೆನ್ಸ್ ಸಿಗಬೇಕಾದರೂ ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು. 8ನೇ ತರಗತಿ ಪಾಸಾಗಿರಬೇಕು ಅನ್ನೋ ನಿಯಮವನ್ನು 2019ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸ್ಪಷ್ಟ ಮಾಡಿತು: ಒಟ್ಟು ತೂಕ 7,500 ಕೆ.ಜಿ.ಯೊಳಗಿನ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸ್ ಮೇಲೆಯೇ ಓಡಿಸಬಹುದು. ಹಾಗಾಗಿ ಪಿಕಪ್ ಮೊದಲ ಮೆಟ್ಟಿಲು. ಅದರಾಚೆಗಿನ ಲಾರಿಗೆ ಬೇರೆ ಲೈಸೆನ್ಸ್ ಬೇಕೇ ಬೇಕು.

2021ರಲ್ಲಿ ಬಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮದಲ್ಲಿ ಮಧ್ಯಮ ಮತ್ತು ಭಾರಿ ವಾಹನಕ್ಕೆ 6 ವಾರ, 38 ತಾಸಿನ ಕೋರ್ಸ್ ಇದೆ. ಪಾಠ, ಓಡಿಸೋದು ಎರಡೂ ಸೇರಿ 38 ತಾಸು. ಲೋಡ್ ಗಾಡಿ ಬೆಳಗಾವಿಯಿಂದ ಮುಂಬೈಗೆ ಎರಡು ಸಲ ಹೋಗಿಬರೋದ್ರೊಳಗೆ ಇಷ್ಟು ತಾಸು ಮುಗಿದಿರುತ್ತೆ. ಯುರೋಪ್ ಒಕ್ಕೂಟದಲ್ಲಿ ಕೂಲಿಗೆ ಲಾರಿ ಓಡಿಸೋಕೆ ಲೈಸೆನ್ಸ್ ಜತೆಗೆ 280 ತಾಸಿನ ತರಬೇತಿ ಇದೆ. ಬೇಗ ಮುಗಿಸೋ ದಾರಿ ಹಿಡಿದರೂ 140 ತಾಸು.

ಹಾಗಾದ್ರೆ ನಮ್ಮಲ್ಲಿ ಡ್ರೈವರ್ ಆಗೋದು ಹೇಗೆ? ಕ್ಲೀನರ್ ಆಗಿ. ಟೈರ್ ಬಡಿದು ನೋಡೋದು, ಹಗ್ಗ ಬಿಗಿಯೋದು, ರಿವರ್ಸ್ ತೋರಿಸೋದು, ರಾತ್ರಿ ಡ್ರೈವರ್ ಜತೆ ಮಾತಾಡ್ತಾ ಎಚ್ಚರ ಇರೋದು. ವರ್ಷ ಕಳೆದ ಮೇಲೆ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಸಿಗುತ್ತೆ. ನಮ್ಮ ದೇಶದ ಅತಿ ದೊಡ್ಡ ಡ್ರೈವಿಂಗ್ ಶಾಲೆ ಇದೇ. ಇದಕ್ಕೆ ಬೋರ್ಡಿಲ್ಲ, ಪರೀಕ್ಷೆ ಇಲ್ಲ. ಈಗ ಖರ್ಚು ಉಳಿಸೋಕೆ ಕ್ಲೀನರ್ ಇಲ್ಲದೆ ಗಾಡಿ ಕಳಿಸೋದು ಹೆಚ್ಚಾಗ್ತಿದೆ. ಶಾಲೆಯನ್ನೇ ಮುಚ್ಚಿ, 'ಒಳ್ಳೆ ಡ್ರೈವರ್ ಸಿಗ್ತಿಲ್ಲ' ಅಂದರೆ ಹೇಗೆ?

ಈಗ ಪಗಾರ. ಸಾಮಾನ್ಯವಾಗಿ ಮೂರು ಲೆಕ್ಕ ಇವೆ. ಒಂದು, ತಿಂಗಳ ಪಗಾರ ಮತ್ತು ದಿನದ ಭತ್ತೆ. ಎರಡು, ಟ್ರಿಪ್‌ಗೆ ಇಷ್ಟು ಅಥವಾ ಕಿಲೋಮೀಟರ್‌ಗೆ ಇಷ್ಟು. ಮೂರು, ಬಾಡಿಗೆಯಲ್ಲಿ ಪಾಲು. ಇದರ ಮೇಲೆ ಡೀಸೆಲ್ ಆವರೇಜ್ ಬಂದರೆ ಇನಾಮು, ಬರದಿದ್ದರೆ ಕಡಿತ.

ಮೊದಲನೆಯದು ಮೇಲ್ನೋಟಕ್ಕೆ ಭದ್ರ. ಲೆಕ್ಕಕ್ಕೆ ಸುಲಭ ಆಗಲಿ ಅಂತ ತಿಂಗಳಿಗೆ 18,000 ರೂಪಾಯಿ ಅಂದುಕೊಳ್ಳಿ. 26 ದಿನ, ದಿನಕ್ಕೆ 8 ತಾಸು ದುಡಿದರೆ ತಾಸಿಗೆ ಸುಮಾರು 86 ರೂಪಾಯಿ. ಅದೇ ಹುಡುಗ ದಿನಕ್ಕೆ 14 ತಾಸು ಗಾಡಿ ಮೇಲಿದ್ದರೆ ತಾಸಿಗೆ 50 ರೂಪಾಯಿನೂ ಬೀಳಲ್ಲ. ಭತ್ತೆ ಊಟ, ಚಹಾ, ಸ್ನಾನಕ್ಕೆ ಹೋಗುತ್ತೆ. ಅದನ್ನು ಪಗಾರದಲ್ಲಿ ಕೂಡಿಸಿ ಹೇಳಿದರೆ ನಂಬಬೇಡಿ.

ಎರಡನೆಯದರಲ್ಲಿ ಗಾಡಿ ಓಡಿದರೆ ಮಾತ್ರ ದುಡ್ಡು. ಗೋಡೌನ್ ಗೇಟಿನ ಮುಂದೆ ಎರಡು ದಿನ ನಿಂತರೆ? ರಿಟರ್ನ್ ಲೋಡ್ ಸಿಗದಿದ್ದರೆ? ಮಳೆಗೆ ಘಾಟ್ ಬಂದ್ ಆದರೆ? ಆ ತಾಸುಗಳಿಗೆ ಬೆಲೆ ಇಲ್ಲ. ಕಳೆದುಕೊಂಡ ಸಮಯವನ್ನು ಡ್ರೈವರ್ ರಸ್ತೆಯಲ್ಲಿ, ನಿದ್ದೆ ಬಿಟ್ಟು ವಸೂಲಿ ಮಾಡ್ತಾನೆ. ಬಾಡಿಗೆಯಲ್ಲಿ ಪಾಲು ಅಂದರೂ ಕಥೆ ಇದೇ; ಬಾಡಿಗೆ ಬಿದ್ದರೆ ಮಾಲಕನ ನಷ್ಟದಲ್ಲಿ ಡ್ರೈವರ್‌ಗೂ ಪಾಲು. ಯುರೋಪಿನ 2006ರ ನಿಯಮವೊಂದು ನೇರವಾಗಿ ಹೇಳುತ್ತೆ: ರಸ್ತೆ ಸುರಕ್ಷತೆಗೆ ಅಪಾಯ ತರುವಂತೆ ದೂರ ಅಥವಾ ಸರಕಿನ ತೂಕ ನೋಡಿ ಡ್ರೈವರ್‌ಗೆ ಹಣ ಕೊಡುವ ಹಾಗಿಲ್ಲ. ಪಗಾರದ ಲೆಕ್ಕವೇ ಅಪಘಾತಕ್ಕೆ ಕಾರಣ ಆಗಬಹುದು ಅಂತ ಅವರು ಕಾನೂನಿನಲ್ಲೇ ಬರೆದಿದ್ದಾರೆ.

ಡೀಸೆಲ್ ಇನಾಮಿನ ವಿಷಯ ಬೇರೆಯಾಗಿ ಹೇಳಬೇಕು. 2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆ ಬಳಿ, ಇದೇ ಹೆದ್ದಾರಿಯಲ್ಲಿ, ಇಳಿಜಾರಿನಲ್ಲಿ ಬಂದ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಮೊದಲು ಎಲ್ಲರೂ ಬ್ರೇಕ್ ಫೇಲ್ ಅಂದರು. ಬ್ರೇಕ್ ಸರಿಯಾಗೇ ಇತ್ತು, ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದ್ದರು ಅಂತ ಪ್ರಾಥಮಿಕ ತನಿಖೆ ಹೇಳಿದ್ದಾಗಿ ಆಮೇಲೆ ವರದಿಯಾಯಿತು.

ನಾನು ಎಂಜಿನಿಯರಿಂಗ್ ಓದಿದವನು, ಇದನ್ನು ಸರಳವಾಗಿ ಹೇಳ್ತೀನಿ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತೆ. ನ್ಯೂಟ್ರಲ್ ಮಾಡಿದರೆ ಪೂರ್ತಿ ಭಾರ ಬ್ರೇಕ್ ಮೇಲೆ. ಒಂದೇ ಸಮ ಒತ್ತಿದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತೆ. ಎಂಜಿನ್ ಬಂದ್ ಆದರೆ ಏರ್ ಬ್ರೇಕಿಗೆ ಗಾಳಿ ತುಂಬೋ ಕಂಪ್ರೆಸರ್ ನಿಲ್ಲುತ್ತೆ, ಪವರ್ ಸ್ಟೇರಿಂಗ್ ಕಲ್ಲಾಗುತ್ತೆ. ಉಳಿಯೋದು ಒಂದಿಷ್ಟು ಡೀಸೆಲ್, ಹೋಗೋದು ಪ್ರಾಣ. ಕಬ್ಬಿನ ಟ್ರ್ಯಾಕ್ಟರ್ ಬಯಲಲ್ಲಿ ಓಡಿಸಿದ ಹುಡುಗನಿಗೆ ಖಂಬಾಟ್ಕಿ ಘಾಟ್, ಚೋರ್ಲಾ ಘಾಟ್ ಇಳಿಯೋದನ್ನ ಯಾರಾದ್ರೂ ಪಕ್ಕದಲ್ಲಿ ಕೂತು ಕಲಿಸಲೇಬೇಕು. ಅದನ್ನು ಕಲಿಸದೆ, ಮೊದಲ ತಿಂಗಳೇ 'ಆವರೇಜ್ ಬರಬೇಕು' ಅಂದರೆ ಅದು ತರಬೇತಿ ಅಲ್ಲ, ಒತ್ತಡ.

ಕಾನೂನು ಇಲ್ವಾ? ಇದೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8, ವಾರಕ್ಕೆ 48 ತಾಸು ಅಂತ ಹೇಳಿತು. ದೂರದ ಮಾರ್ಗಕ್ಕೆ ದಿನಕ್ಕೆ 10, ವಾರಕ್ಕೆ 54ರವರೆಗೆ ವಿನಾಯಿತಿ ಕೊಟ್ಟಿತು. 5 ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ, ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಅಂತಲೂ ಹೇಳಿತು. ಆದರೆ 2025ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆ ಅನ್ವಯ ಆಗ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದರೆ ಮಾತ್ರ. ನಮ್ಮ ಕಡೆ ಬಹಳಷ್ಟು ಮಾಲಕರದ್ದು ಒಂದೋ ಎರಡೋ ಗಾಡಿ. ಎಷ್ಟೋ ಮಾಲಕರು ನಿನ್ನೆಯ ಡ್ರೈವರ್‌ಗಳೇ. ಕಂತು, ಟೋಲ್, ಟೈರ್, ಬ್ರೋಕರ್ ಕಮಿಷನ್ ಕಟ್ಟಿ ಅವರೂ ಹೈರಾಣಾಗಿದ್ದಾರೆ. ಹಾಗಾಗಿ ಇದು ಮಾಲಕ ಕೆಟ್ಟವನು, ಡ್ರೈವರ್ ಒಳ್ಳೆಯವನು ಅನ್ನೋ ಸಿನಿಮಾ ಕಥೆ ಅಲ್ಲ.

ಆದರೆ ಒಂದು ಕೆಲಸ ಒಂದೇ ಗಾಡಿಯ ಮಾಲಕನೂ ಮಾಡಬಹುದು. ನಿಜವಾದ ಪಗಾರವನ್ನು ಕಾಗದದ ಮೇಲೆ ಬರೆದು ಕೊಡೋದು. ಯಾಕೆ ಗೊತ್ತಾ? ಡ್ಯೂಟಿಯಲ್ಲಿದ್ದಾಗ ಡ್ರೈವರ್ ಅಪಘಾತದಲ್ಲಿ ತೀರಿಕೊಂಡರೆ, 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ ಹೀಗಿತ್ತು: ತಿಂಗಳ ಪಗಾರದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕಿತ್ತು. ಪಗಾರದ ಮಿತಿ, 2020ರಿಂದ, 15,000 ರೂಪಾಯಿ ಇತ್ತು. 25 ವರ್ಷದವನಿಗೆ ಗುಣಕ 216.91. ಪಗಾರ 15,000 ಅಂತ ಸಾಬೀತಾದರೆ ಮನೆಯವರಿಗೆ 16,26,825 ರೂಪಾಯಿ. ಕಾಗದದಲ್ಲಿ 8,000 ಅಂತಿದ್ದರೆ 8,67,640 ರೂಪಾಯಿ. ಒಂದು ಚೀಟಿಯಿಂದ ಹೆತ್ತವರಿಗೆ, ಹೆಂಡತಿ ಮಕ್ಕಳಿಗೆ ಏಳೂವರೆ ಲಕ್ಷದ ವ್ಯತ್ಯಾಸ! ಈ ಹೊಣೆಯನ್ನು ಲಾರಿಯ ಕಡ್ಡಾಯ ವಿಮೆಯೇ ಹೊರಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತೆ. ಅಂದರೆ ವಿಮೆ ಚಾಲ್ತಿಯಲ್ಲಿದ್ದರೆ, ನಿಜ ಬರೆಯೋದರಿಂದ ಮಾಲಕನ ಜೇಬಿಗೆ ಕತ್ತರಿ ಬೀಳಲ್ಲ.

ಇನ್ನು ದಂಡ. 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಓಡಿಸಿದವನಷ್ಟೇ ಅಲ್ಲ, ಓಡಿಸೋಕೆ ಹಚ್ಚಿದವನೂ ಹೊಣೆ. ಲೋಡ್ ತುಂಬಿಸಿದವರು ಒಬ್ಬರು, ಪಗಾರದಲ್ಲಿ ಮುರಿದುಕೊಳ್ಳೋದು ಇನ್ನೊಬ್ಬನದ್ದು ಅಂದರೆ ಒಪ್ಪಬಾರದು.

ಒಳ್ಳೆ ಸುದ್ದಿಯೂ ಇದೆ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಕ್ಯಾಬಿನ್ ತಂಪಾದರೆ ದಣಿವು ಕಡಿಮೆ ಆಗುತ್ತೆ, ನಿಜ. ಆದರೆ ಎಸಿ ನಿದ್ದೆಯ ಬದಲಿಗೆ ಬರಲ್ಲ.

ಈಗ ಗಾಡಿ ಹತ್ತೋಕೆ ಹೊರಟ ತಮ್ಮಂದಿರಿಗೆ, ಅವರ ಮನೆಯವರಿಗೆ ಹೇಳೋದು ಇಷ್ಟು. ಕೀಲಿ ತಗೊಳ್ಳೋ ಮೊದಲು ಐದು ಮಾತು ಕೇಳಿ. ಮೊದಲ ಕೆಲವು ಟ್ರಿಪ್ ನನ್ನ ಜತೆ ಅನುಭವಿ ಡ್ರೈವರ್ ಇರ್ತಾರಾ, ಆ ದಿನಗಳಿಗೆ ಪಗಾರ ಇದೆಯಾ? ಪಗಾರ ಎಷ್ಟು, ಭತ್ತೆ ಎಷ್ಟು, ಬೇರೆ ಬೇರೆ ಹೇಳ್ತೀರಾ? ಲೋಡಿಂಗ್, ಅನ್‌ಲೋಡಿಂಗ್‌ಗೆ ಗಾಡಿ ನಿಂತ ದಿನದ ಲೆಕ್ಕ ಏನು? ಡೀಸೆಲ್, ಟೈರ್, ದಂಡ ಅಂತ ಏನೇನು ಮುರೀತೀರಿ? ಇದೆಲ್ಲಾ ಬರೆದು ಕೊಡ್ತೀರಾ?

ಕೇಳೋಕೆ ಸಂಕೋಚ ಬೇಡ. ಎರಡು ಎಕರೆ ಹೊಲ ಲಾವಣಿಗೆ ಹಾಕೋವಾಗ ನಾಲ್ಕು ಹಿರಿಯರನ್ನು ಕೂಡಿಸಿ ಕಾಗದ ಮಾಡ್ತೀವಿ. ಮಗನನ್ನು ಲೈನ್ ಮೇಲೆ ಕಳಿಸೋವಾಗಲೂ ಒಂದು ಕಾಗದ ಇರಲಿ.