ಅಟ್ಟದ ಮೇಲಿನ ಗಂಟು



ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ, ಪ್ರವಚನಗಳು ಆರಂಭವಾಗುತ್ತವೆ. ಮನೆಗಳಲ್ಲಿ ಸಾರಣೆ ಕಾರಣೆ ನಡೆಯುತ್ತದೆ. ಗೋಡೆಗೆ ಸುಣ್ಣ ಬೀಳುತ್ತದೆ, ದೇವರ ಜಗಲಿಯ ಹಿತ್ತಾಳೆ ಸಾಮಾನು ಹುಣಸೆಹಣ್ಣಿನಿಂದ ತಿಕ್ಕಿಸಿಕೊಂಡು ಹೊಳೆಯುತ್ತದೆ. ಆದರೆ ಅಟ್ಟದ ಮೇಲೆ ಇರುವುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ತೂತು ಬಿದ್ದ ಕೊಡ, ಕಾಲು ಮುರಿದ ಕುರ್ಚಿ, ಹರಿದ ಗೋಣಿಚೀಲ, ಕೆಟ್ಟುಹೋದ ರೇಡಿಯೋ ಇವನ್ನೆಲ್ಲ ಕೆಳಗೆ ಇಳಿಸುತ್ತೇವೆ, ಧೂಳು ಝಾಡಿಸುತ್ತೇವೆ, ಮತ್ತೆ ಅಲ್ಲಿಯೇ ಏರಿಸುತ್ತೇವೆ. ಕೇಳಿದರೆ, 'ಇರಲಿ, ಎಂದಾದರೂ ಬೇಕಾದೀತು' ಎನ್ನುತ್ತೇವೆ. ಆ 'ಎಂದಾದರೂ' ಎಂಬ ದಿನ ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ.

ಹನ್ನೆರಡನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು ಅವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಲ್ಲಿಯೇ ಜಂಗಮ ದಾಸೋಹ, ಅದರಲ್ಲಿಯೇ ತಮ್ಮ ಪ್ರಸಾದ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಹಿಗ್ಗಲಿಲ್ಲ. ಈ ಹೊತ್ತಿಗೆ ಬೇಕಾದುದಕ್ಕಿಂತ ಹೆಚ್ಚು ತಂದದ್ದು ಆಸೆಯ ಅಕ್ಕಿ, ಅದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾರಯ್ಯ ಕದ್ದು ತಂದಿರಲಿಲ್ಲ. ನೆಲಕ್ಕೆ ಬಿದ್ದದ್ದನ್ನೇ ಬೆವರು ಸುರಿಸಿ ಆಯ್ದಿದ್ದರು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಅದು ಹೇಗೆ ಬಂತು ಎಂಬುದರ ಜೊತೆಗೆ ಎಷ್ಟು ಬೇಕು ಎಂಬುದನ್ನೂ ಆ ತಾಯಿ ಕೇಳಿದರು. ನಾವು ಮೊದಲನೆಯ ಪ್ರಶ್ನೆಯನ್ನು ಕೇಳಿಕೊಂಡು ಸುಮ್ಮನಾಗುತ್ತೇವೆ. 'ನಮ್ಮ ದುಡಿಮೆಯದು, ಇಟ್ಟುಕೊಂಡರೆ ತಪ್ಪೇನು?' ಎನ್ನುತ್ತೇವೆ. ಎರಡನೆಯ ಪ್ರಶ್ನೆಯ ಹತ್ತಿರ ಹೋಗುವುದೇ ಇಲ್ಲ.

ನಮ್ಮ ಧರ್ಮದಲ್ಲಿ ದೇವರಿಗೇ ದೊಡ್ಡ ಜಾಗ ಬೇಕಿಲ್ಲ. ಗುರು ಕೊಟ್ಟ ಇಷ್ಟಲಿಂಗ ಅಂಗೈಯಲ್ಲಿ ಹಿಡಿಯುವಷ್ಟು. ಹೋದಲ್ಲೆಲ್ಲ ನಮ್ಮ ಜೊತೆಗೇ ಬರುತ್ತದೆ. ದೇವರು ಅಂಗೈಯಷ್ಟು ಜಾಗದಲ್ಲಿ ಇರುವಾಗ ಮುರಿದ ಕುರ್ಚಿಗೆ ಒಂದು ಕೋಣೆ ಬಿಟ್ಟುಕೊಟ್ಟಿದ್ದೇವಲ್ಲ, ವಿಚಾರ ಮಾಡಬೇಕು. ಶರಣರು ಸ್ಥಾವರ, ಜಂಗಮ ಎಂಬ ಭೇದ ಹೇಳಿದರು. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹತ್ತು ಕಂಬಳಿ ಸ್ಥಾವರ. ಅದರಲ್ಲೊಂದು ಚಳಿಯಲ್ಲಿ ನಡುಗುವವನ ಮೈಮೇಲೆ ಬಿದ್ದರೆ ಅದಕ್ಕೆ ಜಂಗಮತ್ವ ಬಂತೆಂದು ನಾವು ಭಾವಿಸುತ್ತೇವೆ.

ಹಿರಿಯರು ಇಲ್ಲಿ ಒಂದು ಮಾತು ಕೇಳಬಹುದು. 'ಬುದ್ಧಿ, ನಾವು ಬರ ಕಂಡವರು. ಕೂಡಿಡುವುದನ್ನು ಕಲಿತದ್ದರಿಂದಲೇ ಮಕ್ಕಳು ಬದುಕಿದವು.' ಈ ಮಾತು ಸತ್ಯ. ಬಯಲುಸೀಮೆಯ ನಮ್ಮ ಹಳ್ಳಿಗಳಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದರ ಬಾಯಿ ತೆರೆದು ಊರೆಲ್ಲ ಉಣ್ಣುತ್ತಿತ್ತು. ಅದು ಲೋಭವಲ್ಲ, ಮುಂದಾಲೋಚನೆ. ಆದರೆ ಹಗೇವಿಗೂ ಅಟ್ಟಕ್ಕೂ ವ್ಯತ್ಯಾಸವಿದೆ. ಹಗೇವಿನ ಕಾಳಿಗೆ ಒಂದು ಉದ್ದೇಶವಿತ್ತು, ಅದನ್ನು ತೆರೆಯುವ ಕಾಲವೂ ಬರುತ್ತಿತ್ತು. ಅಟ್ಟದ ಸಾಮಾನಿಗೆ ಉದ್ದೇಶವೂ ಇಲ್ಲ, ಇಳಿಯುವ ಕಾಲವೂ ಇಲ್ಲ. ತೆಗೆಯದೆ ಬಿಟ್ಟ ಕಾಳಿಗೆ ನುಸಿ ಹಿಡಿಯುತ್ತದೆ. ತೆಗೆಯದೆ ಬಿಟ್ಟ ಸಾಮಾನಿನಿಂದ ಮನಸ್ಸಿಗೆ ನುಸಿ ಹಿಡಿಯುತ್ತದೆ.

ಇದರಲ್ಲಿ ಮೈಗೂ ಅಪಾಯವಿದೆ. ಹಳೆಯ ಚೀಲ, ಕಟ್ಟಿಗೆಗಳ ರಾಶಿಯಲ್ಲಿ ಇಲಿ ಮನೆ ಮಾಡುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮಾಳಿಗೆಯ ಮೇಲೆ ಎಸೆದ ಟೈರು, ಒಡೆದ ಡಬ್ಬಿಗಳಲ್ಲಿ ಮಳೆನೀರು ನಿಂತರೆ ಡೆಂಗೆ ಜ್ವರದ ಸೊಳ್ಳೆ ಹುಟ್ಟುತ್ತದೆ. ಕೆಲವರು ಬೆಳೆಗೆ ಹೊಡೆಯುವ ಔಷಧದ ಖಾಲಿ ಡಬ್ಬಿ ತೊಳೆದು ಎಣ್ಣೆ, ಕಾಳು ತುಂಬಿಡುತ್ತಾರೆ. ಇದನ್ನು ಎಂದಿಗೂ ಮಾಡಬಾರದು. ಎಷ್ಟು ತೊಳೆದರೂ ಅದರ ವಿಷ ಪೂರ್ತಿ ಹೋಗುತ್ತದೆಂಬ ಭರವಸೆ ಇಲ್ಲ. ಅವಧಿ ಮುಗಿದ ಗುಳಿಗೆಗಳನ್ನೂ ಮಕ್ಕಳ ಕೈಗೆ ಸಿಗುವಂತೆ ಇಡಬಾರದು.

ಹಾಗಾದರೆ ಬೇಡವಾದದ್ದನ್ನು ಏನು ಮಾಡಬೇಕು? ಬಳಸುವ ಸ್ಥಿತಿಯಲ್ಲಿರುವುದನ್ನು ಬೇಕಾದವರಿಗೆ ಕೊಡಬೇಕು. ಆದರೆ ದಾಸೋಹದ ರೀತಿ ತಿಳಿದು ಕೊಡಬೇಕು. ನಾವು ಉಡಲಾರದ ಹರಕು ಬಟ್ಟೆಯನ್ನು ಬಡವನ ಕೈಗಿಟ್ಟು 'ದಾನ ಮಾಡಿದೆ' ಎಂದರೆ ಅದು ಕಸ ಸಾಗಿಸಿದಂತೆ. ಒಗೆದು, ಹೊಲಿದು, ಮಡಿಸಿ, ನಮ್ಮ ಮಗನಿಗೆ ಕೊಡುವಂತೆ ಕೊಡಬೇಕು. ಕೊಟ್ಟ ಮೇಲೆ ಆಡಿ ತೋರಿಸಬಾರದು. ನಾನು ಕೊಟ್ಟೆ ಎಂಬ ಭಾವ ಉಳಿದರೆ ಸಾಮಾನು ಹೊರಗೆ ಹೋದರೂ ಗಂಟು ಒಳಗೇ ಉಳಿಯಿತು. ಹರಿದ ಬಟ್ಟೆಗೂ ನಮ್ಮ ತಾಯಂದಿರು ದಾರಿ ಹುಡುಕಿದ್ದಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಾರೆ. ಅಜ್ಜಿಯ ಸೀರೆ ಮೊಮ್ಮಗನಿಗೆ ಹೊದಿಕೆಯಾಗುತ್ತದೆ. ಇದೂ ಒಂದು ಕಾಯಕವೇ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಹಳೆಯದೆಲ್ಲ ಕಸವಲ್ಲ. ಅಟ್ಟದಲ್ಲಿಯೋ ದೇವರ ಕೋಣೆಯಲ್ಲಿಯೋ ಅರಿವೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟು ಸಿಕ್ಕರೆ ಒಲೆಗೆ ಹಾಕಬೇಡಿ, ಹೊಳೆಗೂ ಬಿಡಬೇಡಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆ, ಮಠಮಠ ತಿರುಗಿ ಇಂಥ ಕಟ್ಟುಗಳನ್ನೇ ಹುಡುಕಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಮುಂದೆ ಮುದ್ರಣಾಲಯ ನಡೆಸಲು ಅವರು ತಮ್ಮ ಸ್ವಂತ ಮನೆಯನ್ನೇ ಮಾರಿದರು. ನಾವು ಅಟ್ಟದಲ್ಲಿ ಮರೆತದ್ದನ್ನು ಉಳಿಸಲು ಅವರು ಇದ್ದ ಮನೆಯನ್ನು ಬಿಟ್ಟರು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ನಿಮ್ಮಲ್ಲಿ ಗರಿಯ ಕಟ್ಟುಗಳಿದ್ದರೆ ಹತ್ತಿರದ ಮಠದಲ್ಲಿ ತೋರಿಸಿರಿ, ಇಲ್ಲವೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತಲುಪಿಸಿರಿ.

ಕಡೆಯದಾಗಿ ಹಿರಿಯರಿಗೆ ಒಂದು ಮಾತು. ಪಾದಪೂಜೆಗೆ ಹೋದ ಮನೆಗಳಲ್ಲಿ ನಾವು ಒಂದನ್ನು ಕಂಡಿದ್ದೇವೆ. ಯಜಮಾನ ಲಿಂಗೈಕ್ಯನಾಗಿ ತಿಂಗಳು ಕಳೆದಿರುವುದಿಲ್ಲ, ಅಣ್ಣತಮ್ಮಂದಿರು ಒಂದು ತಾಮ್ರದ ಹಂಡೆಗಾಗಿ ಮಾತು ಬಿಟ್ಟಿರುತ್ತಾರೆ. ಆ ಹಂಡೆಯಲ್ಲಿ ಇಬ್ಬರೂ ನೀರು ಕಾಯಿಸುವುದಿಲ್ಲ. ಆದರೂ ಹಟ. ಆದ್ದರಿಂದ ಕೈಕಾಲು ಗಟ್ಟಿ ಇರುವಾಗಲೇ ನಿಮ್ಮ ಪೆಟ್ಟಿಗೆಯನ್ನು ನೀವೇ ತೆರೆಯಿರಿ. ಇದು ಹಿರಿಯ ಸೊಸೆಗೆ, ಇದು ಮಗಳಿಗೆ, ಇದು ನಮ್ಮ ಹೊಲದಲ್ಲಿ ದುಡಿದವನಿಗೆ ಎಂದು ನಿಮ್ಮ ಕೈಯಾರೆ ಕೊಡಿರಿ. ಕೊಡುವಾಗ ಆ ವಸ್ತು ಮನೆಗೆ ಹೇಗೆ ಬಂತೆಂದು ಹೇಳಿರಿ. ತಂದೆ ನಗುತ್ತ ಕೊಟ್ಟದ್ದಕ್ಕಾಗಿ ಮಕ್ಕಳು ಜಗಳವಾಡುವುದು ಕಡಿಮೆ. ಸೊಸೆಯಂದಿರಿಗೂ ಒಂದು ಮಾತು: ಅತ್ತೆಯವರ ಪೆಟ್ಟಿಗೆಯನ್ನು ಅವರ ಬೆನ್ನ ಹಿಂದೆ ಖಾಲಿ ಮಾಡಬೇಡಿರಿ. ಮುರಿದದ್ದಾದರೂ ಅದರಲ್ಲಿ ಅವರ ಬಾಳಿನ ನೆನಪಿದೆ. ಹತ್ತಿರ ಕೂತು ಕೇಳಿ, ಒಪ್ಪಿಸಿ ತೆಗೆಯಿರಿ.

ನಮ್ಮಲ್ಲಿ ಲಿಂಗೈಕ್ಯರಾದವರನ್ನು ಸಮಾಧಿಯಲ್ಲಿ ಕೂಡಿಸುವಾಗ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತೇವೆ. ಬದುಕಿನುದ್ದಕ್ಕೂ ಕೂಡಿಟ್ಟದ್ದರಲ್ಲಿ ಜೊತೆಗೆ ಹೋಗುವುದು ಅದೊಂದೇ. ಉಳಿದದ್ದೆಲ್ಲ ಇಲ್ಲಿಯದು, ಇಲ್ಲಿಯವರದು. ಈ ಶ್ರಾವಣದಲ್ಲಿ ಸೋಮವಾರಕ್ಕೊಂದು ವಸ್ತುವಿನಂತೆ ಅಟ್ಟದಿಂದ ಇಳಿಸಿರಿ. ಈ ಹೊತ್ತಿಗೆ ಇದು ನಮಗೆ ಬೇಕೇ ಎಂದು ಲಕ್ಕಮ್ಮ ತಾಯಿಯಂತೆ ಕೇಳಿಕೊಳ್ಳಿರಿ. ಬೇಡವೆಂದಾದರೆ, ಅದು ಯಾರಿಗೆ ಬೇಕೋ ಅವರ ಮನೆಯ ದಾರಿ ಹಿಡಿಯಿರಿ. ಸರ್ವರಿಗೂ ಸನ್ಮಂಗಲವಾಗಲಿ.